ಲಿನಕ್ಸ್‌ಗೆ ಅಂತ ಲ್ಯಾಪ್‌ಟಾಪ್ ತಗೊಳ್ತಿದ್ರೆ ಪ್ರೊಸೆಸರ್ ಆಮೇಲೆ ನೋಡಿ, ಮೊದಲು ವೈಫೈ ಚಿಪ್ ಯಾವ್ದು ಕೇಳಿ

ಪ್ರಶ್ನೆ: ಸರ್, ನನ್ನ ಲ್ಯಾಪ್‌ಟಾಪ್ ಇಂಟೆಲ್ ಏಳನೇ ಜನರೇಷನ್‌ದು, 8 ಜಿಬಿ ರ‍್ಯಾಮ್, ವಿಂಡೋಸ್ 10 ಇದೆ, 11 ಹಾಕಕ್ಕೆ ಆಗಲ್ಲ ಅಂತ ತೋರಿಸ್ತಿದೆ. ಹೊಸದು ತಗೊಂಡು ಈ ಸಲ ಪೂರ್ತಿ ಲಿನಕ್ಸ್‌ಗೇ ಹೋಗ್ಬಿಡೋಣ ಅಂತಿದೀನಿ. ಕನ್ನಡ ಇಂಗ್ಲಿಷ್ ಬರವಣಿಗೆ, ಎಕ್ಸೆಲ್, ದಿನಾ ವಿಡಿಯೋ ಕಾಲ್, ಸ್ವಲ್ಪ ಪೈಥಾನ್, ಆಗಾಗ ಫೋಟೋ ಎಡಿಟಿಂಗ್, ಯಾವಾಗ್ಲಾದ್ರೂ ಒಂದು ಗೇಮ್, ಇಷ್ಟೇ ನನ್ನ ಕೆಲಸ. ಎನ್‌ವಿಡಿಯಾ ಕಾರ್ಡ್ ಇರೋದೇ ತಗೊಳ್ಲಾ? ಮ್ಯಾಕ್‌ಬುಕ್ ತಗೊಂಡು ಅದ್ರಲ್ಲಿ ಲಿನಕ್ಸ್ ಹಾಕಿದ್ರೆ ಹೇಗೆ? ಒಂದು ಒಳ್ಳೆ ಮಾಡೆಲ್ ಹೆಸರು ಹೇಳ್ಬಿಡಿ ಸಾಕು.

ಉತ್ತರ: ಮಾಡೆಲ್ ಹೆಸರು ಒಂದನ್ನ ಹೇಳಿ ಕೈ ತೊಳ್ಕೊಳ್ಳೋದು ನನಗೂ ಸುಲಭಾನೇ, ಆದ್ರೆ ಅದ್ರಿಂದ ನಿಮಗೆ ಅಂಥ ಉಪಯೋಗ ಆಗಲ್ಲ, ಯಾಕಂದ್ರೆ ಲ್ಯಾಪ್‌ಟಾಪ್ ಕಂಪನಿಗಳು ಒಂದೇ ಮಾಡೆಲ್ ಹೆಸರಿಟ್ಕೊಂಡು ಒಳಗಡೆ ಬೇರೆ ಬೇರೆ ಸಾಮಾನು ಹಾಕಿ ಮಾರ್ತಾರೆ. ಒಂದು ಕಾನ್ಫಿಗರೇಷನ್‌ನಲ್ಲಿ ಇಂಟೆಲ್ ವೈಫೈ ಇರತ್ತೆ, ಅದೇ ಹೆಸರಿನ ಇನ್ನೊಂದ್ರಲ್ಲಿ ರಿಯಲ್‌ಟೆಕ್ ಇರತ್ತೆ, ಮತ್ತೊಂದ್ರಲ್ಲಿ ಮೀಡಿಯಾಟೆಕ್. ವಿಂಡೋಸ್‌ನಲ್ಲಿ ಇದು ನಮಗೆ ಗೊತ್ತೇ ಆಗಲ್ಲ, ಚಿಪ್‌ನ ನಡೆಸೋ ಸಾಫ್ಟ್‌ವೇರ್ ಅಂದ್ರೆ ಡ್ರೈವರ್‌ನ ಕಂಪನಿಯೋರೇ ಹಾಕಿ ಕಳಿಸಿರ್ತಾರೆ. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್ ಬರೋದು ಕರ್ನಲ್ ಜೊತೆಗೆ, ಅಂದ್ರೆ ಸಿಸ್ಟಂನ ತಿರುಳಿನ ಜೊತೆಗೆ, ಅದ್ರಲ್ಲಿ ನಿಮ್ಮ ಚಿಪ್ ಇದ್ರೆ ಏನೂ ಇನ್‌ಸ್ಟಾಲ್ ಮಾಡ್ದೆ ತಂತಾನೇ ನಡೆಯತ್ತೆ, ಇಲ್ಲಾಂದ್ರೆ ಭಾನುವಾರ ಪೂರ್ತಿ ಅದರ ಹಿಂದೇನೇ ಹೋಗತ್ತೆ. ಅದಕ್ಕೇ ನಿಮ್ಮ ಕೆಲಸಕ್ಕೆ ಐ5 ಸಾಕಾ ಐ7 ಬೇಕಾ ಅನ್ನೋದು ದೊಡ್ಡ ಪ್ರಶ್ನೆ ಅಲ್ವೇ ಅಲ್ಲ, ಈಗ ಬರೋ ಯಾವ ಪ್ರೊಸೆಸರ್ ಆದ್ರೂ ಅಷ್ಟನ್ನ ಆರಾಮಾಗಿ ಮಾಡತ್ತೆ. ವೈಫೈ, ಕ್ಯಾಮೆರಾ, ಸೌಂಡ್, ಸ್ಲೀಪ್, ಫಿಂಗರ್‌ಪ್ರಿಂಟ್ ಅಂತ ಜಾಹೀರಾತಲ್ಲಿ ಯಾರೂ ದೊಡ್ಡಕ್ಷರದಲ್ಲಿ ಬರೀದೇ ಇರೋ ಸಣ್ಣ ಸಣ್ಣ ಚಿಪ್‌ಗಳೇ ನಿಮ್ಮ ದಿನ ಚೆನ್ನಾಗಿರತ್ತಾ ಇಲ್ವಾ ಅಂತ ತೀರ್ಮಾನ ಮಾಡೋದು.

ಅದಕ್ಕೂ ಮುಂಚೆ ಒಂದು ಮಾತು. ನಿಮ್ಮ ಹಳೇ ಲ್ಯಾಪ್‌ಟಾಪ್‌ನ ಯಾಕೆ ಇಷ್ಟು ಬೇಗ ಬಿಟ್ಟು ಕೊಡ್ತಿದೀರಾ? ವಿಂಡೋಸ್ 11 ಬೇಡ ಅಂತಿರೋದು ಅದಕ್ಕೆ ಶಕ್ತಿ ಇಲ್ಲ ಅಂತ ಅಲ್ಲ, ಮೈಕ್ರೋಸಾಫ್ಟ್ ಇಂಟೆಲ್ ಎಂಟನೇ ಜನರೇಷನ್‌ಗಿಂತ ಹಿಂದಿನ ಪ್ರೊಸೆಸರ್‌ಗಳನ್ನ ಒಂದೆರಡು ಬಿಟ್ರೆ ಪಟ್ಟಿಗೇ ಸೇರಿಸ್ಲಿಲ್ಲ, ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಕಡ್ಡಾಯ ಅಂತು, ನಿಮ್ದು ಅಲ್ಲಿ ಸಿಕ್ಕಾಕೊಂಡಿದೆ ಅಷ್ಟೇ. ವಿಂಡೋಸ್ 10ಕ್ಕೆ ಸಪೋರ್ಟ್ ಮುಗಿದಿದ್ದು 2025ರ ಅಕ್ಟೋಬರ್ 14ಕ್ಕೆ, ಮನೆ ಬಳಕೆಯೋರಿಗೆ ಅಂತ ಸೆಕ್ಯೂರಿಟಿ ಅಪ್‌ಡೇಟ್ ಮಾತ್ರ 2026ರ ಅಕ್ಟೋಬರ್ 13ರವರೆಗೆ ಎಳೆದಿದಾರೆ. ಲಿನಕ್ಸ್‌ಗೆ ಈ ಜನರೇಷನ್ ತಕರಾರೇ ಇಲ್ಲ. ಏಳನೇ ಜನರೇಷನ್ ಇಂಟೆಲ್ ಅಂದ್ರೆ ಕರ್ನಲ್‌ಗೆ ತೀರಾ ಪರಿಚಯದ ಯಂತ್ರ, ಅದ್ರಲ್ಲಿ ಇನ್ನೂ ಹಾರ್ಡ್ ಡಿಸ್ಕ್ ತಿರುಗ್ತಿದ್ರೆ ತೆಗೆದು ಒಂದು ಎಸ್‌ಎಸ್‌ಡಿ ಹಾಕ್ಸಿ, ಆಗ್ಲೇ ಇದು ನನ್ನದೇನಾ ಅನ್ಸತ್ತೆ. 8 ಜಿಬಿ ರ‍್ಯಾಮ್‌ನಲ್ಲಿ ಬ್ರೌಸರ್, ಆಫೀಸ್, ಪೈಥಾನ್ ನಡೆಯತ್ತೆ, ಮೂವತ್ತು ಟ್ಯಾಬ್ ತೆಗೆಯೋ ಅಭ್ಯಾಸ ಇದ್ರೆ ಒದ್ದಾಡತ್ತೆ.

ಹೊಸದು ತಗೊಳ್ಳೋದೇ ಬೇಡ ಅಂತಿಲ್ಲ ನಾನು. ಹಳೇದ್ರಲ್ಲಿ ಒಂದು ತಿಂಗಳು ಲಿನಕ್ಸ್‌ನಲ್ಲೇ ಬದುಕಿ ನೋಡಿ, ಆಮೇಲೆ ಹೊಸದಕ್ಕೆ ದುಡ್ಡು ಹಾಕಿ ಅಂತಿದೀನಿ. ಯಾಕಂದ್ರೆ ವಿಂಡೋಸ್ ಬಿಟ್ಟು ಬಂದೋರಲ್ಲಿ ಎಷ್ಟೋ ಜನ ವಾಪಸ್ ಹೋಗೋದು ಹಾರ್ಡ್‌ವೇರ್‌ನಿಂದ ಅಲ್ಲ, ಯಾವ್ದೋ ಒಂದು ಸಾಫ್ಟ್‌ವೇರ್ ಇಲ್ದೆ. ನಿಮ್ಮ ಪಟ್ಟೀಲಿ ಅಂಥ ಮುಳ್ಳು ಎರಡಿವೆ. ಒಂದು ಎಕ್ಸೆಲ್. ಮೈಕ್ರೋಸಾಫ್ಟ್ ಆಫೀಸ್ ಲಿನಕ್ಸ್‌ಗೆ ಬರಲ್ಲ, ಬ್ರೌಸರ್‌ನಲ್ಲಿ ಅದರ ವೆಬ್ ಆವೃತ್ತಿ ಓಡತ್ತೆ, ಇಲ್ಲಾಂದ್ರೆ ಲಿಬ್ರೆಆಫೀಸ್. ಮಾಮೂಲಿ ಶೀಟ್, ಫಾರ್ಮುಲಾ, ಪಿವಟ್ ಟೇಬಲ್ ಇವಕ್ಕೆಲ್ಲ ಲಿಬ್ರೆಆಫೀಸ್ ಸಾಕು, ಆದ್ರೆ ಯಾರೋ ಬರೆದಿಟ್ಟ ದೊಡ್ಡ ಮ್ಯಾಕ್ರೋ ಫೈಲ್ ಇಟ್ಕೊಂಡು ಆಫೀಸ್ ಕೆಲಸ ಮಾಡೋರಾದ್ರೆ ಅದು ಅರ್ಧಂಬರ್ಧ ನಡೆದು ಅರ್ಧಕ್ಕೆ ಕೈ ಕೊಡತ್ತೆ, ಇದನ್ನ ಈಗ್ಲೇ ನೋಡ್ಕೊಳ್ಳಿ. ಎರಡನೇದು ಫೋಟೋ. ಫೋಟೋಶಾಪ್, ಲೈಟ್‌ರೂಮ್ ಎರಡೂ ಇಲ್ಲ. ಗಿಂಪ್ ಇದೆ, 2025ರಲ್ಲಿ 3.0 ಬಂದ್ಮೇಲೆ ಒಂಥರಾ ಮನುಷ್ಯರು ಉಪಯೋಗಿಸೋ ಹಾಗಾಗಿದೆ, ಕ್ಯಾಮೆರಾದ ಕಚ್ಚಾ ಫೈಲ್ ಅಂದ್ರೆ ರಾ ಫೈಲ್‌ಗೆ ಡಾರ್ಕ್‌ಟೇಬಲ್ ಇದೆ, ನನ್ನ ಕೇಳಿದ್ರೆ ಡಾರ್ಕ್‌ಟೇಬಲ್ ಲೈಟ್‌ರೂಮ್‌ಗಿಂತ ಕಷ್ಟ ಆದ್ರೆ ಕಡಿಮೆ ಅಲ್ಲ. ಆಗಾಗ ಮಾಡೋರಿಗೆ ಇಷ್ಟು ಧಾರಾಳ. ಗೇಮ್ ವಿಷಯ, ಗೇಮ್ ಮಾರೋ ಸ್ಟೀಮ್‌ನೋರು 2018ರಲ್ಲಿ ಪ್ರೋಟಾನ್ ತಂದ್ಮೇಲೆ ವಿಂಡೋಸ್ ಗೇಮ್‌ಗಳು ಬಹಳಷ್ಟು ಲಿನಕ್ಸ್‌ನಲ್ಲೇ ಓಡ್ತವೆ, ಆದ್ರೆ ಕರ್ನಲ್ ಮಟ್ಟದಲ್ಲಿ ಮೋಸ ತಡೆಯೋ ಆಂಟಿಚೀಟ್ ಇರೋ ಆನ್‌ಲೈನ್ ಗೇಮ್ ಮಾತ್ರ ಇಲ್ಲ, ವ್ಯಾಲೊರಂಟ್ ಫೋರ್ಟ್‌ನೈಟ್ ಆಡೋರು ಆಸೆ ಬಿಡಿ. ಪ್ರೋಟಾನ್‌ಡಿಬಿ ಅಂತ ಸೈಟ್ ಇದೆ, ನಿಮ್ಮ ಗೇಮ್ ಹೆಸರು ಹಾಕಿದ್ರೆ ಯಾರ್ಯಾರಿಗೆ ಹೇಗೆ ಓಡ್ತು ಅಂತ ಬರ್ದಿರ್ತಾರೆ. ಜೂಮ್‌ಗೆ ಲಿನಕ್ಸ್ ಆ್ಯಪ್ ಇದೆ, ಟೀಮ್ಸ್‌ನ ಆ್ಯಪ್‌ನ 2022ರ ಕೊನೇಲಿ ನಿಲ್ಲಿಸಿದ್ರು, ಅದು ಈಗ ಬ್ರೌಸರ್‌ನಲ್ಲೇ.

ಇಷ್ಟೂ ಸರಿ ಹೋಯ್ತು, ಹೊಸ ಲ್ಯಾಪ್‌ಟಾಪ್ ಬೇಕೇ ಬೇಕು ಅಂದ್ರೆ ಈಗ ಚಿಪ್‌ಗಳ ಕಥೆ.

ವೈಫೈ ಮೊದಲು, ಯಾಕಂದ್ರೆ ಇದೊಂದು ಕೆಟ್ರೆ ಉಳಿದಿದ್ದನ್ನ ಸರಿ ಮಾಡೋಕೆ ಬೇಕಾದ ಇಂಟರ್ನೆಟ್ಟೇ ಇರಲ್ಲ. ಇಂಟೆಲ್‌ದು ಕಣ್ಣು ಮುಚ್ಕೊಂಡು ತಗೊಳ್ಳಿ, ಎಎಕ್ಸ್200, ಎಎಕ್ಸ್210, ಎಎಕ್ಸ್211 ಈ ಥರದ ಹೆಸರಿದ್ರೆ ತಲೆಬಿಸಿ ಇಲ್ಲ. ಮೀಡಿಯಾಟೆಕ್‌ದು ಏಎಂಡಿ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಬರತ್ತೆ, ಎಂಟಿ7921, ಎಂಟಿ7922 ಅಂತ, ಕೆಲವು ಸಲ ಆರ್‌ಝಡ್616 ಅಂತ ಏಎಂಡಿ ಹೆಸರು ಹಾಕ್ಕೊಂಡು ಬರತ್ತೆ, ಒಳಗೆ ಅದೇ. ಹೊಸ ಕರ್ನಲ್ ಇದ್ರೆ ಇವು ಚೆನ್ನಾಗೇ ನಡೀತವೆ. ರಿಯಲ್‌ಟೆಕ್‌ನಲ್ಲಿ ಅದೃಷ್ಟ ನೋಡ್ಬೇಕು, 8852 ಸರಣಿಯ ಚಿಪ್‌ಗಳಿಗೆ ಕರ್ನಲ್‌ನಲ್ಲಿ ಡ್ರೈವರ್ ಬಂದಿದ್ದೇ ತಡವಾಗಿ, ಹಳೇ ಡಿಸ್ಟ್ರೋ (ಉಬುಂಟು, ಫೆಡೋರಾ, ಮಿಂಟ್ ಥರ ಲಿನಕ್ಸ್‌ನ ಒಂದೊಂದು ಸಿದ್ಧ ರೂಪ) ಹಾಕಿದ್ರೆ ವೈಫೈ ಅನ್ನೋ ಐಕಾನೇ ಕಾಣಲ್ಲ. ಬ್ರಾಡ್‌ಕಾಮ್ ಕಂಡ್ರೆ ದೂರ ಇರಿ. ಒಂದು ಸಮಾಧಾನ ಏನಂದ್ರೆ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಕಾರ್ಡ್ ಒಂದು ಸಣ್ಣ ಎಂ.2 ಪಟ್ಟಿ, ಒಂದು ಸ್ಕ್ರೂ ಬಿಚ್ಚಿ ಬದಲಾಯಿಸ್ಬಹುದು, ಆದ್ರೆ ಎಎಕ್ಸ್201, ಎಎಕ್ಸ್211 ಇವು ಇಂಟೆಲ್ ಪ್ರೊಸೆಸರ್ ಇದ್ರೆ ಮಾತ್ರ ಕೆಲಸ ಮಾಡೋ ಜಾತಿ, ಏಎಂಡಿ ಲ್ಯಾಪ್‌ಟಾಪ್‌ಗೆ ತಂದು ಹಾಕಿದ್ರೆ ಕಾರ್ಡ್ ಸಿಕ್ಕಿಸ್ಬಹುದು ಅಷ್ಟೇ, ವೈಫೈ ಬರಲ್ಲ. ಅದಕ್ಕೆ ಎಎಕ್ಸ್210 ಬೇಕು. ತೆಳ್ಳಗಿನ ಫ್ಯಾಷನ್ ಲ್ಯಾಪ್‌ಟಾಪ್‌ಗಳಲ್ಲಿ ಕೆಲವಕ್ಕೆ ವೈಫೈನ ಬೋರ್ಡ್‌ಗೇ ಬೆಸುಗೆ ಹಾಕಿರ್ತಾರೆ, ಆಗ ಕೊಟ್ಟಿದ್ದೇ ಗತಿ.

ಈಗ ನೀವು ಕೇಳಿದ ಎನ್‌ವಿಡಿಯಾ. ನಿಮಗೆ ಬೇಡ. ನೀವು ಹೇಳಿರೋ ಯಾವ ಕೆಲಸಕ್ಕೂ ಅದು ಬೇಕಾಗಿಲ್ಲ. ಇಂಟೆಲ್, ಏಎಂಡಿ ಎರಡರದ್ದೂ ಪ್ರೊಸೆಸರ್ ಒಳಗೇ ಇರೋ ಗ್ರಾಫಿಕ್ಸ್‌ಗೆ ಡ್ರೈವರ್ ಕರ್ನಲ್‌ನಲ್ಲೇ ಇದೆ, ಅದರ ಮೇಲೆ ಮೆಸಾ ಅನ್ನೋ ಲೈಬ್ರರಿ ಡಿಸ್ಟ್ರೋ ಜೊತೆಗೇ ಬರತ್ತೆ, ನೀವು ಏನೂ ಮಾಡೋದಿರಲ್ಲ. ಎನ್‌ವಿಡಿಯಾಗೆ ಕಂಪನಿ ಡ್ರೈವರ್ ಬೇರೆ ಹಾಕ್ಬೇಕು. ಮುಂಚಿನಷ್ಟು ಕಷ್ಟ ಇಲ್ಲ ಅನ್ನೋದು ನಿಜ, 2022ರಲ್ಲಿ ಅವ್ರು ಕರ್ನಲ್ ಭಾಗದ ಕೋಡ್‌ನ ತೆರೆದಿಟ್ರು, ಉಬುಂಟುನಲ್ಲಿ ಈಗ ಒಂದು ಕ್ಲಿಕ್ಕಲ್ಲಿ ಡ್ರೈವರ್ ಹಾಕ್ಕೋಬಹುದು. ಕಷ್ಟ ಇರೋದು ಲ್ಯಾಪ್‌ಟಾಪ್‌ನಲ್ಲಿ ಎರಡೆರಡು ಗ್ರಾಫಿಕ್ಸ್ ಒಟ್ಟಿಗೆ ಇರೋದ್ರಲ್ಲಿ. ಯಾವ ಆ್ಯಪ್ ಯಾವ್ದರ ಮೇಲೆ ಓಡ್ತಿದೆ, ಸುಮ್ನೆ ಕೂತಾಗ ಎನ್‌ವಿಡಿಯಾ ನಿಜವಾಗ್ಲೂ ಮಲಗಿದ್ಯಾ ಇಲ್ಲ ಬ್ಯಾಟರಿ ತಿಂತಾ ಇದ್ಯಾ, ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದಾಗ ಸ್ಕ್ರೀನ್ ಯಾಕೆ ಕಪ್ಪು, ಇವೇ ಗೋಳು. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್‌ನ ಎಷ್ಟೋ ಸಲ ನೇರ ಎನ್‌ವಿಡಿಯಾಗೇ ಜೋಡಿಸಿರ್ತಾರೆ, ಅಂದ್ರೆ ಹೊರಗಿನ ಮಾನಿಟರ್ ಹಾಕಿದ ತಕ್ಷಣ ಅದು ಎದ್ದು ಕೂರತ್ತೆ, ಫ್ಯಾನ್ ಶುರು. ಪೈಥಾನ್‌ನಲ್ಲಿ ಮೆಷಿನ್ ಲರ್ನಿಂಗ್ ಮಾಡ್ತೀನಿ, ಅದಕ್ಕೆ ಎನ್‌ವಿಡಿಯಾದ್ದೇ ಆದ ಕುಡಾ ಬೇಕು ಅನ್ನೋರಾದ್ರೆ ಎನ್‌ವಿಡಿಯಾನೇ ತಗೊಳ್ಳಿ, ಅಲ್ಲಿ ಬೇರೆ ದಾರಿ ಇದೆ ಅಂತ ವಾದ ಮಾಡೋಕೆ ನಾನು ಹೋಗಲ್ಲ. ಯಾವಾಗ್ಲಾದ್ರೂ ಒಂದು ಗೇಮ್‌ಗೆ ಏಎಂಡಿ ರೈಝನ್‌ನ ಒಳಗಿನ 780ಎಂ ಥರದ ಗ್ರಾಫಿಕ್ಸ್ ಸಾಕು, ಸ್ವಲ್ಪ ಸೆಟ್ಟಿಂಗ್ ಇಳಿಸ್ಕೊಂಡು ಆಡಿ.

ಏಎಂಡಿ ಬಗ್ಗೆ ಒಂದು ಸಣ್ಣ ಕೊಕ್ಕೆ ಇದೆ, ಎಚ್‌ಡಿಎಂಐ 2.1ನ ಎಲ್ಲರಿಗೂ ಕೋಡ್ ಕಾಣೋ ತೆರೆದ ಡ್ರೈವರ್‌ನಲ್ಲಿ ಕೊಡ್ತೀವಿ ಅಂತ ಏಎಂಡಿ ಕೇಳಿದಾಗ 2024ರಲ್ಲಿ ಆ ಸ್ಟ್ಯಾಂಡರ್ಡ್ ನೋಡ್ಕೊಳ್ಳೋ ಎಚ್‌ಡಿಎಂಐ ಫೋರಂನೋರು ಒಪ್ಲಿಲ್ಲ. ಹಾಗಾಗಿ 4ಕೆ 120 ಹರ್ಟ್ಸ್ ಮಾನಿಟರ್ ಇದ್ರೆ ಎಚ್‌ಡಿಎಂಐ ಬದಲು ಯುಎಸ್‌ಬಿ-ಸಿ ಇಲ್ಲಾ ಡಿಸ್‌ಪ್ಲೇಪೋರ್ಟ್‌ನಿಂದ ಜೋಡಿಸಿ. ಮಾಮೂಲಿ ಮಾನಿಟರ್‌ಗೆ ಇದು ಗೊತ್ತೂ ಆಗಲ್ಲ. ಡಾಕ್ (ಒಂದೇ ಕೇಬಲ್‌ನಿಂದ ಮಾನಿಟರ್, ಕೀಬೋರ್ಡ್ ಎಲ್ಲ ಜೋಡಿಸೋ ಡಬ್ಬಿ) ತಗೊಳ್ಳೋದಾದ್ರೆ ಡಿಸ್‌ಪ್ಲೇಲಿಂಕ್ ಅಂತ ಬರ್ದಿರೋದು ಬೇಡ, ಅದಕ್ಕೆ ಪ್ರತ್ಯೇಕ ಡ್ರೈವರ್ ಹಾಕ್ಬೇಕು, ಕರ್ನಲ್ ಅಪ್‌ಡೇಟ್ ಆದಾಗ್ಲೆಲ್ಲ ಮುನಿಸ್ಕೊಳ್ಳತ್ತೆ.

ದಿನಾ ವಿಡಿಯೋ ಕಾಲ್ ಅಂದ್ರಿ ನೋಡಿ, ಅಲ್ಲಿ ಕ್ಯಾಮೆರಾ ವಿಷಯ ಬರತ್ತೆ, ಇದು ಜನ ಕೇಳೋದೇ ಇಲ್ಲ ಆದ್ರೆ ಇತ್ತೀಚೆಗೆ ಅತಿ ಹೆಚ್ಚು ಜನ ಅಳೋ ಹಾಗೆ ಮಾಡಿರೋದು ಇದೇ. ಲ್ಯಾಪ್‌ಟಾಪ್ ಕ್ಯಾಮೆರಾಗಳು ಮುಂಚೆ ಬಹುಪಾಲು ಒಳಗಿಂದ ಯುಎಸ್‌ಬಿ ಕ್ಯಾಮೆರಾಗಳೇ, ಯುವಿಸಿ ಅನ್ನೋ ಒಂದು ಸ್ಟ್ಯಾಂಡರ್ಡ್, ಯಾವ ಸಿಸ್ಟಂನಲ್ಲಾದ್ರೂ ಹಾಕಿದ ಕೂಡ್ಲೇ ನಡೆಯತ್ತೆ. ಆಮೇಲೆ ಇಂಟೆಲ್ ಪ್ರೊಸೆಸರ್ ಒಳಗೆ ಚಿತ್ರದ ಕೆಲಸಕ್ಕೆ ಐಪಿಯು6 ಅನ್ನೋ ಭಾಗ ತಂತು, ಹನ್ನೊಂದು ಹನ್ನೆರಡನೇ ಜನರೇಷನ್ ಆಸುಪಾಸಿಂದ ಕೆಲವು ದುಬಾರಿ ತೆಳ್ಳಗಿನ ಮಾಡೆಲ್‌ಗಳಲ್ಲಿ ಕ್ಯಾಮೆರಾ ಸೆನ್ಸರ್ ನೇರ ಪ್ರೊಸೆಸರ್‌ಗೇ ಹೋಗತ್ತೆ, ಫೋನ್‌ನಲ್ಲಿ ಇರೋ ಥರ. ಚಿತ್ರನ ಸರಿ ಮಾಡೋ ಕೆಲಸ ಸಾಫ್ಟ್‌ವೇರ್‌ದು, ಆ ಸಾಫ್ಟ್‌ವೇರ್ ಲಿನಕ್ಸ್‌ಗೆ ಸರಿಯಾಗಿ ಬರೋಕೆ ವರ್ಷಗಳೇ ಹಿಡೀತು. ಈಗೀಗ ಲಿಬ್‌ಕ್ಯಾಮೆರಾ ಅನ್ನೋ ಪ್ರಾಜೆಕ್ಟ್‌ನಿಂದ ಸುಧಾರಿಸ್ತಿದೆ, ಫೆಡೋರಾ 41ರಿಂದ ಸುಮಾರು ಮಾಡೆಲ್‌ಗಳಲ್ಲಿ ಚಿತ್ರ ಬರತ್ತೆ, ಆದ್ರೆ ಬಣ್ಣ ಬಿಳುಚ್ಕೊಂಡಿರತ್ತೆ, ಬ್ಯಾಟರಿ ಜಾಸ್ತಿ ಕುಡಿಯತ್ತೆ. ಬೇಜಾರು ಏನಂದ್ರೆ ಇದು ಕಡಿಮೆ ದುಡ್ಡಿನ ಲ್ಯಾಪ್‌ಟಾಪ್‌ಗಳಿಗೆ ಬಂದಿರೋ ರೋಗ ಅಲ್ಲ, ಜಾಸ್ತಿ ದುಡ್ಡು ಕೊಟ್ಟೋರಿಗೇ ಬಂದಿದ್ದು. ಸ್ಪೆಸಿಫಿಕೇಷನ್ ಹಾಳೇಲಿ ಕ್ಯಾಮೆರಾ ಮುಂದೆ ಎಂಐಪಿಐ ಅಂತ ಕಂಡ್ರೆ ಅದು ಈ ನೇರ ಜೋಡಣೆಯ ಜಾತಿ, ನಿಂತು ಯೋಚ್ನೆ ಮಾಡಿ, ಯುಎಸ್‌ಬಿ ಅಂತಿದ್ರೆ ಮುಂದಕ್ಕೆ ಹೋಗಿ. ಏಎಂಡಿ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಯುಎಸ್‌ಬಿ ಕ್ಯಾಮೆರಾನೇ.

ಸ್ಲೀಪ್ ಇನ್ನೊಂದು. ಮುಚ್ಚಳ ಮುಚ್ಚಿ ಬ್ಯಾಗ್‌ಗೆ ಹಾಕಿ ಸಂಜೆ ತೆಗೆದ್ರೆ ಲ್ಯಾಪ್‌ಟಾಪ್ ಬಿಸಿಯಾಗಿದೆ, ಬ್ಯಾಟರಿ ಪಾತಾಳಕ್ಕೆ ಹೋಗಿದೆ, ಇದು ಲಿನಕ್ಸ್‌ನ ತಪ್ಪು ಅಂತ ಜನ ಬೈತಾರೆ, ಪೂರ್ತಿ ಹಾಗಲ್ಲ. ಮುಂಚೆ ಎಸ್3 ಅಂತ ಒಂದು ನಿದ್ದೆ ಇತ್ತು, ರ‍್ಯಾಮ್ ಬಿಟ್ಟು ಬಾಕಿ ಎಲ್ಲದಕ್ಕೂ ಕರೆಂಟ್ ಕಟ್. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಅಂತ ಮಾಡಿ ಎಸ್3ನ ಬಯೋಸ್‌ನಿಂದಾನೇ (ಆನ್ ಮಾಡಿದ ಕೂಡ್ಲೇ ಮೊದ್ಲು ಓಡೋ ಒಳಗಿನ ಸಾಫ್ಟ್‌ವೇರ್) ತೆಗ್ದು ಹಾಕಿದಾರೆ, ಅದ್ರಲ್ಲಿ ಎಲ್ಲ ಚಿಪ್‌ಗಳೂ ಒಂದೊಂದಾಗಿ ತಾವೇ ಮಲಗ್ಬೇಕು, ಒಂದು ಎಚ್ಚರ ಇದ್ರೂ ಇಡೀ ಪ್ರೊಸೆಸರ್ ಆಳವಾದ ನಿದ್ದೆಗೆ ಹೋಗಲ್ಲ. ವಿಂಡೋಸ್‌ನಲ್ಲೂ ಇದೇ ತೊಂದ್ರೆ ಇದೆ, ಹುಡುಕಿ ನೋಡಿ. ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಬಯೋಸ್ ಒಳಗೆ ಸ್ಲೀಪ್ ಸ್ಟೇಟ್ ಅಂತ ಒಂದು ಆಯ್ಕೆ ಇರ್ತಿತ್ತು, ಅದನ್ನ ಲಿನಕ್ಸ್ ಅಂತ ಇಟ್ರೆ ಹಳೇ ಎಸ್3 ವಾಪಸ್ ಬರ್ತಿತ್ತು, ಹೊಸ ಮಾಡೆಲ್‌ಗಳಲ್ಲಿ ಅದೂ ಮಾಯ. ಹಾಗಾಗಿ ಇದನ್ನ ಹಾಳೆ ಓದಿ ತಿಳ್ಕೊಳ್ಳೋಕೆ ಆಗಲ್ಲ, ಅದೇ ಮಾಡೆಲ್ ಇಟ್ಕೊಂಡಿರೋರು ಏನಂತಾರೆ ಅಂತಾನೇ ನೋಡ್ಬೇಕು, ರಾತ್ರಿ ಮುಚ್ಚಿಟ್ರೆ ಬೆಳಿಗ್ಗೆಗೆ ನಾಲ್ಕೈದು ಪರ್ಸೆಂಟ್ ಇಳಿದ್ರೆ ಚೆನ್ನಾಗಿದೆ, ಇಪ್ಪತ್ತು ಇಳಿದ್ರೆ ಎಲ್ಲೋ ಏನೋ ಎಚ್ಚರ ಇದೆ.

ಫಿಂಗರ್‌ಪ್ರಿಂಟ್ ಬಗ್ಗೆ ಜಾಸ್ತಿ ಹೇಳಲ್ಲ. ಲಿಬ್‌ಎಫ್‌ಪ್ರಿಂಟ್ ಅನ್ನೋ ಪ್ರಾಜೆಕ್ಟ್‌ನ ಪಟ್ಟೀಲಿ ಆ ಸೆನ್ಸರ್ ನಂಬರ್ ಇದ್ರೆ ನಡೆಯತ್ತೆ, ಇಲ್ಲಾಂದ್ರೆ ಇಲ್ಲ, ಪಾಸ್‌ವರ್ಡ್ ಟೈಪ್ ಮಾಡಿದ್ರೆ ಬೆರಳೇನೂ ಸವೆಯಲ್ಲ. ಸೌಂಡ್ ಮಾತ್ರ ಗಮನ ಕೊಡಿ, ನಾಲ್ಕು ಸ್ಪೀಕರ್, ಸ್ಮಾರ್ಟ್ ಆಂಪ್ಲಿಫೈಯರ್ ಅಂತೆಲ್ಲ ಇರೋ ಮಾಡೆಲ್‌ಗಳಲ್ಲಿ ಆ ಆಂಪ್‌ಗೆ ಪ್ರತಿ ಮಾಡೆಲ್‌ಗೂ ಬೇರೆ ಬೇರೆ ಟ್ಯೂನಿಂಗ್ ಫೈಲ್ ಬೇಕು, ಅದು ಕರ್ನಲ್‌ಗೆ ತಲುಪೋವರೆಗೆ ಸ್ಪೀಕರ್‌ನಿಂದ ಹಳೇ ರೇಡಿಯೋ ಥರ ಕೀರಲು ಶಬ್ದ ಬರತ್ತೆ, ಇಲ್ಲಾ ಏನೂ ಬರಲ್ಲ, ಹೆಡ್‌ಫೋನ್‌ನಲ್ಲಿ ಮಾತ್ರ ಚೆನ್ನಾಗಿರತ್ತೆ.

ಈ ಎಲ್ಲಕ್ಕೂ ಒಂದೇ ಮದ್ದು ಅಂದ್ರೆ ಈಗ ತಾನೇ ಬಿಡುಗಡೆ ಆಗಿರೋ ಮಾಡೆಲ್ ತಗೋಬೇಡಿ. ಒಂದು ವರ್ಷ ಹಳೇದಾದ ಡಿಸೈನ್ ತಗೊಳ್ಳಿ. ಕರ್ನಲ್‌ಗೆ ಹೊಸ ಹಾರ್ಡ್‌ವೇರ್‌ನ ಡ್ರೈವರ್ ಸೇರಿ, ಅದರ ಬಗ್ ಎಲ್ಲ ಯಾರೋ ಅನುಭವಿಸಿ ಸರಿ ಮಾಡ್ಸಿ, ಆಮೇಲೆ ನೀವು ಹಾಕೋ ಡಿಸ್ಟ್ರೋಗೆ ಬಂದು ತಲುಪೋಕೆ ಅಷ್ಟು ಹೊತ್ತು ಬೇಕು, ಅದ್ರಲ್ಲೂ ಉಬುಂಟುನ ದೀರ್ಘ ಕಾಲ ಬೆಂಬಲ ಇರೋ ಎಲ್‌ಟಿಎಸ್ ಆವೃತ್ತಿ ಬರೋದು ಎರಡು ವರ್ಷಕ್ಕೊಂದು ಸಲ, ಮಿಂಟ್ ಅದರ ಮೇಲೇ ನಿಂತಿದೆ. ಮಧ್ಯೆ ಹೊಸ ಕರ್ನಲ್ ಕೊಡ್ತಾರೆ, ಆದ್ರೂ ಫೆಡೋರಾದಷ್ಟು ಬೇಗ ಅಲ್ಲ, ಫೆಡೋರಾ ಆರು ತಿಂಗಳಿಗೊಂದು ಹೊಸ ಆವೃತ್ತಿ ಬಿಡತ್ತೆ. ಜೊತೆಗೆ ಅಂಗಡೀಲಿ ಮಿಂಚೋ ಮನೆ ಬಳಕೆ ಸರಣಿಗಿಂತ ಆಫೀಸ್‌ಗೆ ಅಂತ ಮಾಡೋ ಸರಣಿ ನೋಡಿ, ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಈಗ ಅದನ್ನ ಡೆಲ್ ಪ್ರೊ ಅಂತ ಕರೀತಾರೆ, ಎಚ್‌ಪಿ ಎಲೈಟ್‌ಬುಕ್, ಈ ಥರದ್ದು. ನೋಡೋಕೆ ಸಪ್ಪೆ, ಆದ್ರೆ ಇವನ್ನ ಕೊಳ್ಳೋ ಕಂಪನಿಗಳಲ್ಲಿ ಲಿನಕ್ಸ್ ಉಪಯೋಗಿಸೋ ಇಂಜಿನಿಯರ್‌ಗಳು ಇರ್ತಾರೆ, ಅವ್ರ ಒತ್ತಾಯಕ್ಕಾದ್ರೂ ಡ್ರೈವರ್ ಬರತ್ತೆ. ಬಯೋಸ್ ಅಪ್‌ಡೇಟ್ ಕೂಡ ಎಲ್‌ವಿಎಫ್‌ಎಸ್ ಅನ್ನೋ ವ್ಯವಸ್ಥೆಯಿಂದ ಲಿನಕ್ಸ್ ಒಳಗಿಂದಾನೇ ಆಗತ್ತೆ, ಡೆಲ್, ಲೆನೊವೊ, ಎಚ್‌ಪಿ ಮೂರೂ ಅಲ್ಲಿಗೆ ಫರ್ಮ್‌ವೇರ್ ಹಾಕ್ತಾರೆ. ಇದಿಲ್ದಿರೋ ಬ್ರ್ಯಾಂಡ್ ತಗೊಂಡ್ರೆ ಬಯೋಸ್ ಅಪ್‌ಡೇಟ್‌ಗೋಸ್ಕರ ವಿಂಡೋಸ್‌ನ ಒಂದು ಮೂಲೇಲಿ ಇಟ್ಕೊಂಡಿರೋ ಪರಿಸ್ಥಿತಿ ಬರ್ಬಹುದು.

ಲಿನಕ್ಸ್ ಹಾಕೇ ಮಾರೋರೂ ಇದಾರೆ, ಅಮೆರಿಕದ ಸಿಸ್ಟಂ76, ಜರ್ಮನಿಯ ಟಕ್ಸೀಡೋ, ಸ್ಪೇನ್‌ನ ಸ್ಲಿಮ್‌ಬುಕ್. ಫ್ರೇಮ್‌ವರ್ಕ್ ಅಂತ 2021ರಲ್ಲಿ ಬಂತಲ್ಲ, ಪ್ರತಿ ಭಾಗನೂ ಬಿಚ್ಚಿ ಬದಲಾಯಿಸೋ ಹಾಗಿರೋದು, ಅದು ನನಗೆ ಬಹಳ ಇಷ್ಟ, ಆದ್ರೆ ನೀವಿರೋ ಕಡೆ ಮಾರ್ತಾರಾ, ಸರ್ವಿಸ್ ಯಾರು ಕೊಡ್ತಾರೆ ಅಂತ ನೋಡ್ಕೊಂಡೇ ಮುಂದುವರೀರಿ. ಹುಡುಕೋದಕ್ಕೆ ಉಬುಂಟು ಸರ್ಟಿಫೈಡ್ ಪಟ್ಟಿ ಇದೆ, ಉಬುಂಟು ಮಾಡೋ ಕೆನಾನಿಕಲ್‌ನೋರು ತಾವೇ ಪರೀಕ್ಷೆ ಮಾಡಿದ ಮಾಡೆಲ್‌ಗಳು. ಅದನ್ನ ಓದೋವಾಗ ಒಂದು ಎಚ್ಚರ, ಕೆಲವು ಮಾಡೆಲ್‌ಗೆ ಸರ್ಟಿಫಿಕೇಟ್ ಸಿಕ್ಕಿರೋದು ಕಂಪನಿಯೋರು ಮೊದ್ಲೇ ಹಾಕಿ ಕೊಡೋ ಉಬುಂಟುಗೆ ಮಾತ್ರ, ನೀವು ಇಳಿಸ್ಕೊಂಡು ಹಾಕೋ ಮಾಮೂಲಿ ಉಬುಂಟುಗೆ ಅಲ್ಲ, ಆ ಐಪಿಯು6 ಕ್ಯಾಮೆರಾಗಳ ಕಥೆ ಎಷ್ಟೋ ಸಲ ಇಲ್ಲೇ ಎಡವೋದು. ಆರ್ಚ್ ಅನ್ನೋ ಡಿಸ್ಟ್ರೋದ ವಿಕಿನೂ ನೋಡಿ, ನೀವು ಆರ್ಚ್ ಹಾಕದೇ ಇದ್ರೂ ಪರವಾಗಿಲ್ಲ, ಒಂದೊಂದು ಲ್ಯಾಪ್‌ಟಾಪ್‌ಗೆ ಒಂದೊಂದು ಪುಟ ಇದೆ, ಏನು ನಡೆಯತ್ತೆ ಏನು ನಡೆಯಲ್ಲ ಅಂತ ಮುಲಾಜಿಲ್ದೆ ಬರ್ದಿರ್ತಾರೆ.

ಮ್ಯಾಕ್‌ಬುಕ್ ಮೇಲೆ ಲಿನಕ್ಸ್. ಬೇಡ ಸ್ವಾಮಿ. ಅಸಾಹಿ ಲಿನಕ್ಸ್ ಅಂತ ಒಂದು ತಂಡ ಆ್ಯಪಲ್‌ನಿಂದ ಯಾವ ದಾಖಲೆಯೂ ಸಿಗದೆ ಎಂ1, ಎಂ2 ಮ್ಯಾಕ್‌ಗಳಲ್ಲಿ ಲಿನಕ್ಸ್ ಓಡ್ಸಿದಾರೆ, ಅವ್ರ ಕೆಲಸಕ್ಕೆ ಕೈ ಮುಗೀಬೇಕು, ಆದ್ರೆ ಹೊಸ ಎಂ ಸರಣಿಗಳಿಗೆ ಆ ಮಟ್ಟದ ಬೆಂಬಲ ಇನ್ನೂ ಇಲ್ಲ, ಅಂದ್ರೆ ಈಗ ಅಂಗಡೀಲಿ ಹೊಸದಾಗಿ ಸಿಗೋದಕ್ಕೆ ಲಿನಕ್ಸ್ ಹಾಕೋ ಪ್ಲಾನ್ ಮಾಡೋ ಹಾಗಿಲ್ಲ. ಮ್ಯಾಕ್‌ಬುಕ್ ಇಷ್ಟ ಅಂದ್ರೆ ಮ್ಯಾಕ್ಓಎಸ್‌ನೇ ಉಪಯೋಗಿಸಿ, ಅಲ್ಲಿ ನಿಮ್ಮ ಎಕ್ಸೆಲ್ಲೂ ಫೋಟೋಶಾಪೂ ಎರಡೂ ಇವೆ, ನಿಮ್ಮ ಕೆಲಸದ ಪಟ್ಟಿಗೆ ಅದು ಕೆಟ್ಟ ಆಯ್ಕೆ ಏನಲ್ಲ. ಸ್ನ್ಯಾಪ್‌ಡ್ರಾಗನ್ ಎಕ್ಸ್ ಲ್ಯಾಪ್‌ಟಾಪ್‌ಗಳು 2024ರಿಂದ ಬರ್ತಿವೆ, ಬ್ಯಾಟರಿ ಚೆನ್ನಾಗಿದೆ ಅಂತ ಕಣ್ಣು ಅತ್ತ ಹೋಗತ್ತೆ, ಅವೂ ಬೇಡ, ಇವುಗಳ ಥರ ಫೋನ್ ಜಾತಿಯ ಆರ್ಮ್ ಪ್ರೊಸೆಸರ್ ಇರೋ ಲ್ಯಾಪ್‌ಟಾಪ್‌ನಲ್ಲಿ ಪ್ರತಿ ಮಾಡೆಲ್‌ನೂ ಲಿನಕ್ಸ್‌ಗೆ ಬೇರೆಯಾಗಿ ಪರಿಚಯ ಮಾಡ್ಸಬೇಕಾಗತ್ತೆ, ಆ ಕೆಲಸ ಇನ್ನೂ ನಡೀತಾ ಇದೆ.

ರ‍್ಯಾಮ್ 16 ಜಿಬಿ ಇರಲಿ, ಮತ್ತೆ ಅದು ಬೆಸುಗೆ ಹಾಕಿದ್ದಾ ಸ್ಲಾಟ್‌ನಲ್ಲಿ ಇರೋದಾ ಕೇಳಿ. ಹಾಳೇಲಿ ಎಲ್‌ಪಿಡಿಡಿಆರ್5 ಅಂತಿದ್ರೆ ಬಹುತೇಕ ಬೆಸುಗೆ ಹಾಕಿದ್ದು ಅಂತ ತಿಳ್ಕೊಳ್ಳಿ, ಇಂಟೆಲ್ ಕೋರ್ ಅಲ್ಟ್ರಾ 200ವಿ ಸರಣೀಲಿ ಅಂತೂ ರ‍್ಯಾಮ್ ಪ್ರೊಸೆಸರ್ ಜೊತೆಗೇ ಅಂಟ್ಕೊಂಡಿರತ್ತೆ, 16 ಅಥವಾ 32, ಮುಂದೆ ಏನೂ ಸೇರಿಸೋ ಹಾಗಿಲ್ಲ. ಸ್ಕ್ರೀನ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಹಳೇ ಕಾಲದ್ದು ಅನ್ಸಬಹುದು, 14 ಇಂಚಿಗೆ 1920×1200 ಸಾಕು. 2880×1800 ಥರದ್ದು ತಗೊಂಡ್ರೆ ಅಕ್ಷರ ದೊಡ್ಡದು ಮಾಡೋಕೆ 175 ಪರ್ಸೆಂಟ್ ಅಂತ ಸ್ಕೇಲಿಂಗ್ ಹಾಕ್ಬೇಕು, ಪರದೆ ಮೇಲೆ ಆ್ಯಪ್ ತೋರಿಸೋ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ಗೆ ಬರೆದ ಆ್ಯಪ್‌ಗಳು ಚೆನ್ನಾಗಿ ಕಾಣ್ತವೆ, ಹಳೇ ಎಕ್ಸ್11 ಆ್ಯಪ್‌ಗಳು ಕೆಲವು ಮಸುಕು ಮಸುಕು. ಕೆಡಿಇ ಅನ್ನೋ ಡೆಸ್ಕ್‌ಟಾಪ್ ಇದನ್ನ ಉಳಿದೋರಿಗಿಂತ ಚೆನ್ನಾಗಿ ನಿಭಾಯಿಸತ್ತೆ. ಸಿನಿಮಾ ನೋಡೋಕೆ ಅಂತ 4ಕೆ ಸ್ಕ್ರೀನ್ ಬೇಡವೇ ಬೇಡ, ಸ್ಟ್ರೀಮಿಂಗ್ ಸೈಟ್‌ಗಳು ಲಿನಕ್ಸ್ ಬ್ರೌಸರ್‌ಗೆ ಅಷ್ಟು ರೆಸಲ್ಯೂಷನ್ ಕೊಡೋದೇ ಇಲ್ಲ, ಕಾಪಿ ತಡೆಯೋ ವ್ಯವಸ್ಥೆ ಅಡ್ಡ ಬರತ್ತೆ.

ಡಿಸ್ಟ್ರೋ ಯಾವ್ದು ಅಂತ ನೀವು ಕೇಳ್ಲಿಲ್ಲ, ಕೇಳ್ದೇ ಇರೋದು ಒಳ್ಳೇದೇ ಆಯ್ತು, ಅದ್ರ ಮೇಲೆ ಜಗಳಕ್ಕೆ ಕೊನೆ ಇಲ್ಲ. ಹಳೇ ಲ್ಯಾಪ್‌ಟಾಪ್‌ಗೆ ಮಿಂಟ್, ಹೊಸದಕ್ಕೆ ಫೆಡೋರಾ ಇಲ್ಲಾ ಉಬುಂಟು, ಅಷ್ಟೇ.

ಕನ್ನಡ ಟೈಪಿಂಗ್‌ಗೆ ಹೆದರ್ಬೇಡಿ. ನುಡಿ, ಬರಹ ಸಾಫ್ಟ್‌ವೇರ್ ಬಿಟ್ಟು ಹೇಗೆ ಅಂತ ಸುಮಾರು ಜನ ಕೇಳ್ತಾರೆ, ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರ್ಸೋವಾಗ್ಲೇ ಕಗಪ ಅಂತ ಲೇಔಟ್ ಇದೆ, ಅದೇ ನುಡಿ ಲೇಔಟ್ ಜಾತಿ, ಇನ್‌ಸ್ಕ್ರಿಪ್ಟ್ ಇದೆ, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಬರಿಸೋರಿಗೆ ಐಬಸ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದ್ರೆ ಐಟ್ರಾನ್ಸ್ ಲೇಔಟ್ ಸಿಗತ್ತೆ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ, ಲೋಹಿತ್ ಕನ್ನಡ ಇವೆ. ಕಷ್ಟ ಇರೋದು ಹಳೇ ಫೈಲ್‌ಗಳದ್ದು. ಯೂನಿಕೋಡ್ ಬರೋ ಮುಂಚೆ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟಿದ್ದು ಇದ್ರೆ ಅವು ಲಿನಕ್ಸ್‌ನಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ತೆರ್ಕೊಳ್ತವೆ, ಹಾಳಾಗಿಲ್ಲ ಅದು, ಆ ಫಾಂಟ್ ಇಲ್ಲ ಅಷ್ಟೇ. ವಿಂಡೋಸ್ ಇನ್ನೂ ಕೈಲಿರೋವಾಗ್ಲೇ ಎಲ್ಲ ಯೂನಿಕೋಡ್‌ಗೆ ಕನ್ವರ್ಟ್ ಮಾಡಿ ಇಟ್ಕೊಂಡುಬಿಡಿ.

ಹೊಸ ಲ್ಯಾಪ್‌ಟಾಪ್ ಬಂದ ದಿನ ಮಾಡೋ ಕೆಲಸ. ಅದ್ರಲ್ಲಿ ಸಾಮಾನ್ಯವಾಗಿ ವಿಂಡೋಸ್ 11 ಇದ್ದೇ ಬರತ್ತೆ, ತಕ್ಷಣ ಅಳಿಸ್ಬೇಡಿ. ಅದರ 24ಎಚ್2 ಆವೃತ್ತಿ ಬಂದ್ಮೇಲೆ ಹೊಸ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಒಳಗೆ ಹೋದ ಕೂಡ್ಲೇ ಡಿಸ್ಕ್ ಎನ್‌ಕ್ರಿಪ್ಟ್ ಆಗೋದು (ಕೀ ಇಲ್ದೆ ಓದೋಕಾಗದ ಹಾಗೆ ಬೀಗ ಬೀಳೋದು) ಮಾಮೂಲಾಗಿದೆ, ನಿಮ್ಮನ್ನ ಕೇಳೋದೂ ಇಲ್ಲ, ಆಮೇಲೆ ನೀವು ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇರೋ ಸಿಸ್ಟಂ ಮಾತ್ರ ಶುರು ಆಗೋಕೆ ಬಿಡೋ ಆಯ್ಕೆ) ಮುಟ್ಟಿದ್ರೆ ಬಿಟ್‌ಲಾಕರ್ ರಿಕವರಿ ಕೀ ಕೊಡು ಅಂತ ನೀಲಿ ಪರದೆ ನಿಲ್ಸತ್ತೆ. ಎರಡೂ ಸಿಸ್ಟಂ ಇಟ್ಕೊಳ್ಳೋದಾದ್ರೆ ಆ ಕೀನ ಮೊದ್ಲೇ ಬರ್ದಿಟ್ಕೊಳ್ಳಿ, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲಾಂದ್ರೆ ಲಿನಕ್ಸ್‌ನಿಂದ ಆ ಡ್ರೈವ್‌ಗೆ ಬರೆಯೋಕೆ ಬಿಡಲ್ಲ. ಸೆಕ್ಯೂರ್ ಬೂಟ್‌ನ ಆಫ್ ಮಾಡ್ಲೇಬೇಕು ಅನ್ನೋದು ಹಳೇ ಸಲಹೆ, ಉಬುಂಟು ಫೆಡೋರಾ ಎರಡೂ ಆನ್ ಇದ್ದಾಗ್ಲೇ ಬೂಟ್ ಆಗ್ತವೆ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣ್ಲಿಲ್ಲ ಅಂದ್ರೆ ಗಾಬರಿ ಬೇಡ, ಬಯೋಸ್‌ನಲ್ಲಿ ಸ್ಟೋರೇಜ್ ರೇಡ್ ಇಲ್ಲಾ ಆರ್‌ಎಸ್‌ಟಿ ಅಂತ ಇರತ್ತೆ, ಎಎಚ್‌ಸಿಐ ಮಾಡಿದ್ರೆ ಕಾಣತ್ತೆ, ಆದ್ರೆ ಹಾಗೇ ಬದಲಾಯಿಸಿದ್ರೆ ಇರೋ ವಿಂಡೋಸ್ ಬೂಟ್ ಆಗ್ದೆ ನಿಲ್ಬಹುದು ಅಂತ ಗೊತ್ತಿರಲಿ.

ಇನ್‌ಸ್ಟಾಲ್ ಮಾಡೋ ಮುಂಚೆ ಪೆನ್‌ಡ್ರೈವ್‌ನಿಂದ ಲೈವ್ ಬೂಟ್ ಮಾಡಿ, ಅಂದ್ರೆ ಡಿಸ್ಕ್‌ಗೆ ಹಾಕ್ದೇ ಪೆನ್‌ಡ್ರೈವ್‌ನಿಂದಾನೇ ಲಿನಕ್ಸ್ ಓಡಿಸಿ, ಒಂದು ಗಂಟೆ ಕೂತ್ಕೊಳ್ಳಿ, ವೆಂಟಾಯ್ ಅನ್ನೋದ್ರಲ್ಲಿ ನಾಲ್ಕೈದು ಡಿಸ್ಟ್ರೋ ಒಂದೇ ಪೆನ್‌ಡ್ರೈವ್‌ಗೆ ಹಾಕ್ಕೋಬಹುದು. ವೈಫೈ 5 ಗಿಗಾಹರ್ಟ್ಸ್‌ನಲ್ಲಿ ಹಿಡಿತಾ, ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಮೈಕ್ ಬರತ್ತಾ, ಕ್ಯಾಮೆರಾನ ಬ್ರೌಸರ್‌ನಲ್ಲೇ ತೆಗೆದು ನೋಡಿ, ಸ್ಪೀಕರ್, ಬೆಳಕು ಏರಿಸೋ ಇಳಿಸೋ ಕೀ, ಟಚ್‌ಪ್ಯಾಡ್‌ನಲ್ಲಿ ಎರಡು ಬೆರಳು, ಎಚ್‌ಡಿಎಂಐ, ಯುಎಸ್‌ಬಿ-ಸಿ ಮಾನಿಟರ್, ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆಗೀರಿ, ಇದನ್ನ ಎರಡು ಮೂರು ಸಲ ಮಾಡಿ, ಒಂದು ಸಲ ಎದ್ದು ಎರಡನೇ ಸಲಕ್ಕೆ ಏಳದೇ ಇರೋ ಯಂತ್ರಗಳಿವೆ. ವಾಪಸ್ ಕೊಡೋ ಅವಧಿ ಎಷ್ಟು ದಿನ ಅಂತ ಕೊಳ್ಳೋ ಮುಂಚೇನೇ ಕೇಳ್ಕೊಂಡಿರಿ, ಈ ಪರೀಕ್ಷೆ ಎಲ್ಲ ಆ ದಿನಗಳ ಒಳಗೇ ಮುಗೀಬೇಕು, ಡಿಸ್ಕ್ ಮುಟ್ಟದೇ ಇರೋದ್ರಿಂದ ಕೊಂಡಾಗ ಹೇಗಿತ್ತೋ ಹಾಗೇ ವಾಪಸ್ ಮಾಡ್ಬಹುದು. ಯಾವ್ದಾದ್ರೂ ಒಂದು ನಡೀದಿದ್ರೆ ಟರ್ಮಿನಲ್ ತೆಗೆದು ಎಲ್‌ಎಸ್‌ಪಿಸಿಐ ಅಂತ ಸಣ್ಣಕ್ಷರದ ಇಂಗ್ಲಿಷ್‌ನಲ್ಲಿ ಹೊಡೀರಿ, ಬರೋ ಪಟ್ಟೀಲಿ ಚಿಪ್ ಹೆಸರು ಇರತ್ತೆ, ಯುಎಸ್‌ಬಿಯಿಂದ ಜೋಡಿಸಿರೋದಕ್ಕೆ ಎಲ್‌ಎಸ್‌ಯುಎಸ್‌ಬಿ. ಮಾಡೆಲ್ ಹೆಸರಿನ ಬದಲು ಆ ಪಟ್ಟಿ ಕಳ್ಸಿ, ಇಟ್ಕೊಳ್ಳಿ ಅಂತಲೋ ವಾಪಸ್ ಮಾಡಿ ಅಂತಲೋ ಆಗ ಖಚಿತವಾಗಿ ಹೇಳ್ತೀನಿ.